ಕತ್ತಿ ಹಿಡಿದ ರಾಣಿಗೆ ಯಾಕಿಷ್ಟು ಕೆಟ್ಟ ಹೆಸರು?

ಟ್ಯಾರೋ, ಅಂದ್ರೆ ಚಿತ್ರದ ಕಾರ್ಡ್ ತೆಗೆದು ಭವಿಷ್ಯ ಹೇಳೋದನ್ನ, ಕಲಿಯೋಕೆ ಶುರು ಮಾಡಿದವರ ಮುಂದೆ ಕ್ವೀನ್ ಆಫ್ ಸ್ವೋರ್ಡ್ಸ್, ಅದೇ ಕತ್ತಿ ಹಿಡಿದ ರಾಣಿ ಕಾರ್ಡ್, ಬಂದ್ರೆ ಮುಖ ಸಪ್ಪಗಾಗತ್ತೆ, ಬೇಕಾದ್ರೆ ಗಮನಿಸಿ. ಪುಸ್ತಕ ತೆಗೆದ್ರೆ ವೈಧವ್ಯ, ಹೆಂಗಸಿನ ದುಃಖ, ಬಂಜೆತನ, ಸೂತಕ, ಅಗಲಿಕೆ ಅಂತ ಸಾಲಾಗಿ ಇರತ್ತೆ. ಕಾರ್ಡ್ ಉಲ್ಟಾ ಬಿದ್ರಂತೂ ಮುಗೀತು, ಕೆಡುಕು ಬಯಸೋಳು, ಕಪಟ, ಮೋಸ. ಇದನ್ನ ಯಾರೋ ಯೂಟ್ಯೂಬಲ್ಲಿ ಬಾಯಿಗೆ ಬಂದಂಗೆ ಹೇಳಿದ್ದು ಅಂದ್ಕೋಬೇಡಿ, ನಾವೆಲ್ಲ ಬಳಸೋ ಡೆಕ್ (ಕಾರ್ಡ್ ಕಟ್ಟು) ಮಾಡಿಸಿದ ಎ.ಇ. ವೇಟ್ 1911ರ ತನ್ನ ಪುಸ್ತಕದಲ್ಲಿ ಬರೆದಿಟ್ಟ ಅರ್ಥಗಳೇ ಇವು.

ಈಗ ಅದೇ ಪುಸ್ತಕದಲ್ಲಿ ಕಿಂಗ್ ಆಫ್ ಸ್ವೋರ್ಡ್ಸ್ ನೋಡಿ. ಅಧಿಕಾರ, ಆಜ್ಞೆ, ಕಾನೂನು, ಕಾದಾಡೋ ಬುದ್ಧಿ! ಇಬ್ರ ಕೈಲೂ ಇರೋದು ಕತ್ತೀನೇ, ಇಬ್ರೂ ಕೂತಿರೋದು ಸಿಂಹಾಸನದ ಮೇಲೇನೇ, ಇನ್ನೂ ಹೇಳ್ಬೇಕು ಅಂದ್ರೆ ರಾಣಿ ಕತ್ತಿ ನೆಟ್ಟಗೆ ನಿಂತಿದೆ, ರಾಜಂದು ಒಂಚೂರು ವಾಲಿದೆ. ಆದ್ರೂ ಅವನಿಗೆ ಸಿಕ್ಕಿದ್ದು ಕೆಲಸ, ಇವಳಿಗೆ ಸಿಕ್ಕಿದ್ದು ಗಂಡ ಇಲ್ಲ ಮಕ್ಕಳಿಲ್ಲ ಅನ್ನೋ ವಿಳಾಸ. ಕಿಂಗ್ ಉಲ್ಟಾ ಬಿದ್ರೆ ಅವನಿಗೂ ಕ್ರೌರ್ಯ ಅಂತ ಬರೆದಿದಾರೆ, ಇಲ್ಲ ಅನ್ನಲ್ಲ, ಆದ್ರೆ ನೇರ ಬಿದ್ದಾಗ್ಲೂ ಶೋಕ ಹೊರಬೇಕಾಗಿರೋದು ರಾಣಿ ಒಬ್ಬಳೇ. ಕತ್ತಿ ಕೈಲಿದ್ರೂ ಅವಳು ಶಕ್ತಿಯ ಸಂಕೇತ ಅನ್ನೋದು ಕಷ್ಟ ಅಂತ ಬೇರೆ ವೇಟ್ ಹೇಳ್ತಾನೆ. ನಂಗೆ ಇವತ್ತಿಗೂ ಆ ಸಾಲು ಓದಿದ್ರೆ ಸಿಟ್ಟು ಬರತ್ತೆ.

ವೇಟ್ ಇದನ್ನ ಸ್ವಂತವಾಗಿ ಹುಟ್ಟಿಸಿದ್ದೂ ಅಲ್ಲ. 18ನೇ ಶತಮಾನದ ಕೊನೇಲಿ ಪ್ಯಾರಿಸ್‌ನಲ್ಲಿ ಜಾನ್ ಬಾಪ್ಟಿಸ್ಟ್ ಅಲಿಯೆಟ್ ಅಂತ ಒಬ್ಬ ಇದ್ದ, ತನ್ನ ಸರ್‌ನೇಮ್ ಅಕ್ಷರಗಳನ್ನ ತಿರುಗಿಸಿ ಎಟೆಯಾ ಅಂತ ಹೆಸರಿಟ್ಕೊಂಡು ಭವಿಷ್ಯ ಹೇಳ್ತಿದ್ದ, ಈ ಕಾರ್ಡಿಗೆ ಅವನು ಕೊಟ್ಟ ಅರ್ಥಾನೇ ವೈಧವ್ಯ. 1888ರಲ್ಲಿ ಲಂಡನ್ನಲ್ಲಿ ಮ್ಯಾದರ್ಸ್ ಅನ್ನೋ ಬರಹಗಾರ ಟ್ಯಾರೋ ಬಗ್ಗೆ ಒಂದು ಸಣ್ಣ ಪುಸ್ತಕ ತಂದಾಗ ವೈಧವ್ಯ ಹಾಗೇ ಉಳೀತು, ಉಲ್ಟಾ ಬಿದ್ರೆ ಕೆಟ್ಟ ಹೆಂಗಸು ಅಂತಾನೂ ಅದ್ರಲ್ಲಿದೆ. ಆಮೇಲೆ ವೇಟ್. ಅಂದ್ರೆ ನೂರು ವರ್ಷಕ್ಕೂ ಮೇಲೆ ಗಂಡಸ್ರು ಒಬ್ರ ಪಟ್ಟಿ ನೋಡಿ ಇನ್ನೊಬ್ರು ಬರ್ಕೊಂಡು ಬಂದಿದಾರೆ, ಅದನ್ನ ನಾವು ಸಂಪ್ರದಾಯ ಅಂತ ಕರೀತೀವಿ.

ಪಟ್ಟಿ ಪಕ್ಕಕ್ಕಿಟ್ಟು ಚಿತ್ರ ನೋಡಿ. ಅವಳು ಪಕ್ಕಕ್ಕೆ ತಿರುಗಿ ಕೂತಿದಾಳೆ. ಬಲಗೈಲಿ ಕತ್ತಿ, ಎಡಗೈ ಮಾತ್ರ ಮುಂದಕ್ಕೆ ಚಾಚಿದೆ, ಯಾರನ್ನೋ ಹತ್ರ ಕರೀತಿರೋ ಥರ, ಬಂದು ನಿಜ ಹೇಳು ನಾನು ಕೇಳ್ತೀನಿ ಅನ್ನೋ ಥರ. ಕಿರೀಟದಲ್ಲಿ ಚಿಟ್ಟೆ, ಸಿಂಹಾಸನದ ಕೆತ್ತನೇಲೂ ಚಿಟ್ಟೆ, ಜೊತೆಗೆ ರೆಕ್ಕೆ ಇರೋ ಪುಟ್ಟ ಮಗುವಿನ ಮುಖ. ಹೊದ್ದಿರೋ ಬಟ್ಟೆ ಮೇಲೆ ಮೋಡ. ಆಕಾಶದಲ್ಲಿ ಒಂದೇ ಒಂದು ಹಕ್ಕಿ. ಬಂಜೆತನ, ಕಪಟ ಇದ್ರಲ್ಲಿ ಎಲ್ಲಿದೆ ಹೇಳಿ? ಮುಖದಲ್ಲಿ ನೋವಿದೆ, ಅದು ನಿಜ. ನೋವಿದ್ರೂ ಕೈ ಚಾಚೇ ಇದೆಯಲ್ಲ, ಅದನ್ನ ಯಾಕೆ ಯಾರೂ ಬರೀಲಿಲ್ಲ?

ಚಿತ್ರ ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್. 1909ರಲ್ಲಿ ಡೆಕ್ ಹೊರಗೆ ಬಂತು, ಆಗ ಅವಳಿಗಿನ್ನೂ 31. ಅಷ್ಟೂ ಚಿತ್ರ ಬರೆದು, ತುಂಬಾ ದೊಡ್ಡ ಕೆಲಸ, ದುಡ್ಡು ಮಾತ್ರ ತೀರಾ ಕಮ್ಮಿ ಅಂತ ಪರಿಚಯದವರಿಗೆ ಕಾಗದ ಬರೆದಿದ್ಲು. ಮದುವೆ ಆಗ್ಲಿಲ್ಲ. ಹೆಣ್ಮಕ್ಕಳಿಗೆ ವೋಟು ಬೇಕು ಅಂತ ಹೋರಾಡ್ತಿದ್ದವರಿಗೆ ಪೋಸ್ಟರ್ ಕೆಲಸ ಮಾಡಿಕೊಟ್ಲು. 1951ರಲ್ಲಿ ಸಾಲ ಉಳಿಸ್ಕೊಂಡೇ ತೀರ್ಕೊಂಡ್ಲು, ಡೆಕ್‌ಗೆ ದಶಕಗಟ್ಟಲೆ ಉಳಿದಿದ್ದು ಪಬ್ಲಿಷರ್ ರೈಡರ್ ಮತ್ತೆ ವೇಟ್ ಹೆಸರು. ಕಾರ್ಡಿನ ಕೆಳಗಡೆ ಮೂಲೇಲಿ ಅವಳ ಸಹಿ ಇರತ್ತೆ, ಸುತ್ಕೊಂಡಿರೋ ಬಳ್ಳಿ ಹಾಗೆ, ಹುಡುಕಿ ನೋಡಿ.

ನಮ್ಮ ಕಡೆ ಈ ಅರ್ಥ ಇನ್ನೂ ಜೋರಾಗಿ ಚುಚ್ಚತ್ತೆ. ಗಂಡ ಸತ್ತವಳನ್ನ ಅರಿಶಿನ ಕುಂಕುಮಕ್ಕೆ ಕರೆಯಲ್ಲ, ಹೊರಡುವಾಗ ಎದುರು ಬಂದ್ರೆ ಒಳಗೆ ಹೋಗಿ ಕೂತು ನೀರು ಕುಡಿದು ಹೊರಡ್ತಾರೆ, ಇದೆಲ್ಲ ನೋಡ್ಕೊಂಡೇ ಬೆಳೆದವರ ಮುಂದೆ ಇಂಗ್ಲೆಂಡಿನ ಒಂದು ಹಳೇ ಪಟ್ಟಿ ಬಂದು ಅದೇ ಮಾತನ್ನ ಇನ್ನೊಂದ್ಸಲ ಹೇಳತ್ತೆ. ಪರಿಚಯದ ಒಬ್ರಿಗೆ ರೀಡಿಂಗ್ ಮಾಡ್ತಿದ್ದೆ, ಯಜಮಾನ್ರು ಹೋದಮೇಲೆ ಅಂಗಡಿ ಲೆಕ್ಕ, ಬ್ಯಾಂಕು, ಮೈದುನರ ಜೊತೆ ಜಗಳ ಎಲ್ಲ ಒಬ್ರೇ ನಿಭಾಯಿಸಿದವರು. ಈ ಕಾರ್ಡ್ ಬಂತು. ಅರ್ಥ ಅವರೇ ಫೋನಲ್ಲಿ ಹುಡುಕಿ ಓದ್ಕೊಂಡು, "ಹೂಂ, ನಂದೇ ಕಾರ್ಡು ಬಿಡಿ" ಅಂದ್ರು, ಆ ದನಿ ನಂಗೆ ತಡ್ಕೊಳೋಕಾಗ್ಲಿಲ್ಲ. ಫೋನ್ ಇಸ್ಕೊಂಡು ಪಕ್ಕಕ್ಕಿಟ್ಟು ಚಿತ್ರದಲ್ಲಿ ಏನು ಕಾಣ್ತಿದೆ ಹೇಳಿ ಅಂದೆ. ತುಂಬಾ ಹೊತ್ತು ನೋಡಿ, "ಲೆಕ್ಕ ಕೇಳ್ತಿದಾಳೆ" ಅಂದ್ರು. ಅದಕ್ಕಿಂತ ಒಳ್ಳೇ ರೀಡಿಂಗ್ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹಾಗಂತ ಈಗಿನ ಇನ್‌ಸ್ಟಾಗ್ರಾಮ್ ರೀಡರ್‌ಗಳ ಥರ ಇವಳನ್ನ ಬರೀ ಬಾಸ್ ಲೇಡಿ ಮಾಡಿಬಿಡೋದೂ ನಂಗೆ ಒಪ್ಪಿಗೆ ಇಲ್ಲ. ದುಃಖಾನ ಒರೆಸಿ ಹಾಕಿದ್ರೆ ಅದೂ ಒಂದು ಅನ್ಯಾಯಾನೇ ತಾನೆ, ಕಳ್ಕೊಂಡಿರೋರಿಗೆ ಅಳೋದಕ್ಕೂ ಜಾಗ ಬೇಕು. ಕಾರ್ಡಿಂದ ವೈಧವ್ಯ ಅನ್ನೋದನ್ನ ಕಿತ್ತು ಬಿಸಾಕಬೇಕಿಲ್ಲ, ವಿಧವೆ ಅಂದ್ರೆ ಅಪಶಕುನ ಅನ್ನೋದು ಹೋಗ್ಬೇಕು, ಅಷ್ಟೇ.

ಏಯ್ಟ್ ಆಫ್ ಸ್ವೋರ್ಡ್ಸ್‌ದೂ ಇದೇ ಕಥೆ. ಅದರಲ್ಲಿ ಒಬ್ಬ ಹೆಂಗಸು, ಕಣ್ಣಿಗೆ ಬಟ್ಟೆ, ಮೈಗೆ ಹಗ್ಗ, ಸುತ್ತ ಎಂಟು ಕತ್ತಿ. ವೇಟ್ ಇದನ್ನ ತಾತ್ಕಾಲಿಕ ಬಂಧನ ಅಂದಿದ್ದ, ಪರವಾಗಿಲ್ಲ. ಈಗಿನವರು ಹೇಳೋದು ಏನಪ್ಪಾ ಅಂದ್ರೆ ಕಾಲು ಕಟ್ಟಿಲ್ಲವಲ್ಲ, ನಡ್ಕೊಂಡು ಹೋಗ್ಬಹುದು, ಎಲ್ಲಾ ಅವಳ ಮನಸ್ಸಲ್ಲೇ ಇರೋದು ಅಂತ. ಹೊಡೆಯೋ ಗಂಡನ ಮನೇಲಿ ಇರೋಳಿಗೆ ಹೋಗಿ ಇದನ್ನ ಹೇಳ್ತೀರಾ? ಆ ಕತ್ತಿಗಳನ್ನ ಅಲ್ಲಿ ನೆಟ್ಟವರು ಯಾರು ಅಂತ ಕೇಳದೆ ಕಾಲು ಕಟ್ಟಿಲ್ಲ ಅನ್ನೋದು ತಪ್ಪು. ನಾನು ಮೊದಲು ಕೇಳೋದೇ ಅದನ್ನ, ಬಿಚ್ಚೋಕೆ ಜೊತೆಗೆ ಯಾರು ಬರ್ತಾರೆ ಅನ್ನೋದನ್ನ ಆಮೇಲೆ.

ಕ್ವೀನ್ ಆಫ್ ಸ್ವೋರ್ಡ್ಸ್ ಬಂದಾಗ ಈಗ ನಾನು ಕೇಳೋದು, ಯಾರ ಹತ್ರ ಯಾವ ಮಾತು ನೇರವಾಗಿ ಆಡೋದು ಬಾಕಿ ಇದೆ ಅಂತ. ಉಲ್ಟಾ ಬಿದ್ರೆ, ಆ ಮಾತು ಆಡಿದ್ದಕ್ಕೆ ನಿಮಗೆ ಯಾರು ಏನು ಹೆಸರಿಟ್ರು ಅಂತ. ಎರಡನೇ ಪ್ರಶ್ನೆಗೆ ಉತ್ತರ ಇಲ್ದಿರೋ ಹೆಂಗಸು ನಂಗೆ ಇನ್ನೂ ಸಿಕ್ಕಿಲ್ಲ.