ಶೂ ಜೊತೆಗೇ ಬಂದ ಪೆಡಲ್

21 ಜುಲೈ 2024, ಭಾನುವಾರ, ರಾತ್ರಿ 10.30
ಬೆಂಗಳೂರು

ಕೈಯಿಂದ ಡೀಸೆಲ್ ವಾಸನೆ ಇನ್ನೂ ಹೋಗಿಲ್ಲ. ಪಾತ್ರೆ ಸೋಪು ಹಾಕಿ ಎರಡು ಸಲ ತಿಕ್ಕಿದೆ. ಅನ್ನಸಾರಿನಲ್ಲೂ ಅದೇ ವಾಸನೆ.

ವಿಷಯ ಕಳೆದ ಭಾನುವಾರದ್ದು. ತುರಹಳ್ಳಿ ಕಾಡಿನಲ್ಲಿ ಒಂದು ಸಣ್ಣ ಏರು ಹತ್ತುತ್ತಿದ್ದೆ. ಸೀಟಿನಿಂದ ಎದ್ದು ತುಳಿದೆ. ಎಡಗಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೋಯಿತು. ನಾನು ಬಲಕ್ಕೆ, ಸೈಕಲ್ ನನ್ನ ಮೇಲೆ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನಿಲ್ಲ. ಎದ್ದು ನೋಡಿದರೆ ಎಡಗಡೆ ಪೆಡಲ್ ಇಲ್ಲ. ಪೆಡಲ್ ಕೂರುವ ತೋಳಿನಲ್ಲಿ, ಅಂದರೆ ಕ್ರ್ಯಾಂಕಿನಲ್ಲಿ, ಆಕ್ಸಲ್ ಅನ್ನುವ ಕಡ್ಡಿ ಒಂದೇ ಬೋಳುಬೋಳಾಗಿ ನಿಂತಿದೆ. ಪೆಡಲ್ ಎಲ್ಲಿ? ನನ್ನ ಶೂ ಅಡಿಯಲ್ಲಿ, ಕಚ್ಚಿಕೊಂಡು ಕೂತಿದೆ.

ಇದು ಕ್ಲಿಪ್‌ಲೆಸ್ ಪೆಡಲ್. ಹೆಸರು ಕ್ಲಿಪ್‌ಲೆಸ್, ಕೆಲಸ ಮಾತ್ರ ಕ್ಲಿಪ್ ಆಗುವುದೇ. ಹಿಂದೆ ಕಾಲುಬೆರಳು ತೂರಿಸಲು ಪೆಡಲ್ ಮುಂದೆ ಪಂಜರದಂಥ ಒಂದು ಕ್ಲಿಪ್ಪು, ಅದಕ್ಕೊಂದು ಬೆಲ್ಟು ಇರುತ್ತಿತ್ತು. ಅದು ಹೋದದ್ದಕ್ಕೆ ಈ ಹೆಸರು. ಮಣ್ಣಿನ ದಾರಿಯವರಿಗೆ ಶಿಮಾನೊ 1990ರಲ್ಲಿ ಎಸ್‌ಪಿಡಿ ಅನ್ನುವ ಪೆಡಲ್ ತಂದ ಮೇಲೆ ಶೂ ಅಡಿಯಲ್ಲಿ ಎರಡು ಬೋಲ್ಟಿನ ಪುಟ್ಟ ಕ್ಲೀಟ್, ಅಂದರೆ ಪೆಡಲ್‌ಗೆ ಕಚ್ಚಿಕೊಳ್ಳುವ ಲೋಹದ ತುಂಡು, ಬಂತು. ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಆದರೆ ಪೆಡಲ್ ಸೈಕಲ್‌ಗೆ ಅಂಟಿಕೊಂಡಿದ್ದರೆ ತಾನೇ? ನಾನು ಹಿಮ್ಮಡಿ ತಿರುಗಿಸಿದರೆ ಪೆಡಲ್ಲೂ ಜೊತೆಗೇ ತಿರುಗುತ್ತಿದೆ. ಕೊನೆಗೆ ಒಂದು ಬಂಡೆ ಮೇಲೆ ಕೂತು, ಶೂ ಬಿಚ್ಚಿ, ಪೆಡಲನ್ನು ಮೊಣಕಾಲಿನ ಮಧ್ಯೆ ಸಿಕ್ಕಿಸಿ, ತೆಂಗಿನಕಾಯಿ ಸುಲಿಯುವ ಹಾಗೆ ಶೂ ತಿರುಚಿದೆ. ಬಂಡೆ ಹತ್ತಲು ಬಂದಿದ್ದ ಇಬ್ಬರು ಹುಡುಗರು ನೋಡುತ್ತಾ ನಿಂತಿದ್ದರು. "ಅಂಕಲ್, ಅದು ಹಂಗೇ ಬಿಚ್ಚೋದಾ?" ಅಂತ ಒಬ್ಬ ಕೇಳಿದ. ಹೂಂ ಅಂದೆ. ಮನೆವರೆಗೆ ಒಂಟಿಗಾಲಲ್ಲಿ ತುಳಿದೆ.

ಈ ಪೆಡಲ್ ಫೆಬ್ರವರಿಯಲ್ಲಿ ಕೊಂಡದ್ದು. ಐದು ತಿಂಗಳು, ಹೆಚ್ಚೆಂದರೆ 900 ಕಿಲೋಮೀಟರ್. ಅಂಗಡಿಗೆ ಫೋನ್ ಮಾಡಿದರೆ "ವೇರ್ ಅಂಡ್ ಟೇರ್ ಸರ್, ವಾರಂಟಿ ಬರಲ್ಲ" ಅಂದರು. ಸಿಟ್ಟು ಬಂತು. ಸೋಮವಾರ ರಾತ್ರಿ ಬಿಚ್ಚಿ ನೋಡಿದ ಮೇಲೆ ಸಿಟ್ಟು ಅರ್ಧ ನನ್ನ ಮೇಲೇ ತಿರುಗಿತು.

ಒಳಗೆ ಇರುವುದು ಎರಡೇ. ಆಕ್ಸಲಿನ ಹೊರತುದಿಯಲ್ಲಿ ಒಂದು ಬೇರಿಂಗ್, ಅದನ್ನು ಹಿಡಿಯಲು ಒಂದು ನಟ್ಟು. ಕ್ರ್ಯಾಂಕಿನ ಪಕ್ಕದಲ್ಲಿ ಒಂದು ಬುಷ್, ಅಂದರೆ ಆಕ್ಸಲ್ ಒಳಗೆ ತಿರುಗುವ ನುಣುಪಾದ ಕೊಳವೆ, ಅದರ ಬಾಯಿಗೆ ರಬ್ಬರ್ ಸೀಲು. ಬೇರಿಂಗಿನ ನಂಬರ್ 686. ಒಳಗಿನ ತೂತು 6 ಮಿ.ಮೀ., ಹೊರಸುತ್ತು 13, ದಪ್ಪ 5. ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. 78 ಕೆ.ಜಿ. ಆಸಾಮಿ ಇದರ ಮೇಲೆ ಎದ್ದು ನಿಂತು ಕಲ್ಲಿನಿಂದ ಕಲ್ಲಿಗೆ ಹಾರಿಸುತ್ತಾನೆ. ನಿಮಿಷಕ್ಕೆ 80 ಸುತ್ತು ಅಂದುಕೊಂಡರೂ ಗಂಟೆಗೆ 4800 ಸುತ್ತು.

ನನ್ನ ಆಕ್ಸಲ್ ತುದಿಯಲ್ಲಿ ನಟ್ಟು ಹಾಗೇ ಇತ್ತು. ಅದರ ಹಿಂದೆ ಬೇರಿಂಗಿನ ಒಳಬಳೆಯೂ ಇತ್ತು. ಹೊರಬಳೆ ಪೆಡಲಿನ ಒಳಗೇ ಉಳಿದಿತ್ತು. ಎರಡರ ಮಧ್ಯೆ ಇರಬೇಕಾದ ಬಾಲ್ಸ್ ಮಾತ್ರ ಇಲ್ಲ. ಬಾಲ್ಸ್ ಉದುರಿದರೆ ಆ ಎರಡು ಬಳೆಗಳನ್ನು ಹಿಡಿದಿಡಲು ಏನೂ ಇಲ್ಲ, ಪೆಡಲ್ ಸಲೀಸಾಗಿ ಜಾರಿ ಬರುತ್ತದೆ. ಬಾಲ್ಸನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಕೇಜಿನ ಚೂರುಗಳು ಕೆಂಪು ತುಕ್ಕಿನ ಪೇಸ್ಟಿನಲ್ಲಿ ಸಿಕ್ಕಿಕೊಂಡಿದ್ದವು.

ಆದರೆ ಮೊದಲು ಸತ್ತದ್ದು ಬೇರಿಂಗ್ ಅಲ್ಲ, ಬುಷ್. ಅದರ ಸುತ್ತ ಇದ್ದದ್ದು ಗ್ರೀಸ್ ಅಂತ ಹೇಳಲಾರೆ. ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೀರುನೀರು ಲೋಳೆ, ಅದರಲ್ಲಿ ಮರಳು. ಬುಷ್ ಸವೆದಿದೆ. ಆಕ್ಸಲೂ ಸವೆದಿದೆ, ಅದೂ ಒಂದೇ ಪಕ್ಕದಲ್ಲಿ. ಸುತ್ತ ಹೊಳೆಯುವ ಉಕ್ಕು, ಒಂದು ಕಡೆ ಮಾತ್ರ ಉಗುರಿಗೆ ಸಿಗುವಷ್ಟು ಹಳ್ಳ. ಇದ್ಯಾಕೆ ಅಂತ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಪೆಡಲ್ ಕಾಲಿನ ಕೆಳಗೆ ನೆಟ್ಟಗೇ ಇರುತ್ತದೆ, ತಿರುಗುವುದು ಆಕ್ಸಲ್, ಕ್ರ್ಯಾಂಕಿನ ಜೊತೆ. ನಾವು ಜೋರಾಗಿ ತುಳಿಯುವುದು ಕ್ರ್ಯಾಂಕ್ ಮುಂದಕ್ಕೆ ಚಾಚಿಕೊಂಡಾಗ. ಆಗ ಪ್ರತಿ ಸಲವೂ ಆಕ್ಸಲಿನ ಅದೇ ಪಕ್ಕ ಮೇಲೆ ಬರುತ್ತದೆ. ಅದಕ್ಕೇ ಏಟೆಲ್ಲ ಅಲ್ಲೇ.

ಬುಷ್ ಸವೆದ ಮೇಲೆ ಪೆಡಲ್ ಅಲ್ಲಾಡಲು ಶುರು. ಅಲ್ಲಾಡುವ ಪೆಡಲ್ ಹೊರಗಿನ ಬೇರಿಂಗನ್ನು ಓರೆಯಾಗಿ ತಿರುಚುತ್ತದೆ. ಅಂಥ ಚಿಕ್ಕ ಬೇರಿಂಗ್ ನೇರ ಭಾರ ತಡೆದೀತು, ಈ ತಿರುಚಾಟ ತಡೆಯುವುದಿಲ್ಲ.

ಹಾಗಾದರೆ ಬುಷ್‌ಗೆ ನೀರು ಹೋಗಿದ್ದು ಹೇಗೆ? ಇಲ್ಲಿಗೆ ಬಂತು ನೋಡಿ ನನ್ನ ಕಥೆ. ಪ್ರತಿ ಭಾನುವಾರ ವಾಪಸ್ ಬರುವಾಗ ಕನಕಪುರ ರಸ್ತೆಯಲ್ಲಿ ಕಾರು ತೊಳೆಯುವ ಕಡೆ ನಿಲ್ಲಿಸುತ್ತೇನೆ. 50 ರೂಪಾಯಿ ಕೊಟ್ಟರೆ ಹುಡುಗ ಪ್ರೆಷರ್ ಗನ್ನಿನಲ್ಲಿ ಸೈಕಲ್ ತೊಳೆದುಕೊಡುತ್ತಾನೆ. ಕ್ಲೀಟ್ ಕಚ್ಚುವ ಜಾಗದಲ್ಲಿ ಮಣ್ಣು ಕೂತರೆ ಕಾಲು ಸರಿಯಾಗಿ ಸಿಗುವುದಿಲ್ಲ. ಅದಕ್ಕೆ "ಪೆಡಲ್‌ಗೆ ಚೆನ್ನಾಗಿ ಹೊಡಿ ತಮ್ಮಾ" ಅಂತ ನಾನೇ ಬೆರಳು ಮಾಡಿ ತೋರಿಸುತ್ತಿದ್ದೆ. ಸೀಲ್ ಇರುವುದು ಮಳೆ ನೀರಿಗೆ, ಕೆಸರಿನ ಎರಚಲಿಗೆ. ಗನ್ನಿನ ನೀರು ಅದರ ತುಟಿ ಸರಿಸಿಕೊಂಡು ಒಳಗೆ ನುಗ್ಗುತ್ತದೆ. ಹೋಗಲು ದಾರಿ ಇದೆ, ಬರಲು ಇಲ್ಲ. ಸೈಕಲ್ ಹೊರಗಡೆ ಫಳಫಳ.

ಪೂರ್ತಿ ತಪ್ಪು ನನ್ನದೇ ಅಂತ ಮಾತ್ರ ಒಪ್ಪಲಾರೆ. ಬಲಗಡೆ ಪೆಡಲನ್ನೂ ಬಿಚ್ಚಿದೆ. ಅದರೊಳಗೆ ನೀರು ಅಷ್ಟಾಗಿ ಹೋಗಿರಲಿಲ್ಲ, ಆದರೆ ಗ್ರೀಸೂ ಇರಲಿಲ್ಲ. ಕಂಪನಿಯವರು ಒಗ್ಗರಣೆಗೆ ಇಂಗು ಹಾಕಿದ ಹಾಗೆ ಹಾಕಿದ್ದಾರೆ. ಹೊಸದಾಗಿ ತಂದಾಗ ಬೆರಳಲ್ಲಿ ತಳ್ಳಿದರೆ ಗಿರಗಿರ ಹತ್ತು ಸುತ್ತು ಸುತ್ತುತ್ತಿತ್ತು. ಎಲ್ಲರಿಗೂ ತೋರಿಸಿ ಖುಷಿಪಟ್ಟಿದ್ದೆ. ಗ್ರೀಸ್ ತುಂಬಿದ, ಸೀಲ್ ಬಿಗಿ ಇರುವ ಪೆಡಲ್ ಹಾಗೆ ಸುತ್ತುವುದಿಲ್ಲ. ಅರ್ಧ ಸುತ್ತಿಗೆ ಸೋಮಾರಿಯ ಹಾಗೆ ನಿಂತುಬಿಡುತ್ತದೆ.

ಮುನ್ಸೂಚನೆಯೂ ಇತ್ತು. ಮೇ ತಿಂಗಳಿಂದಲೇ ಎದ್ದು ತುಳಿದಾಗ ಸುತ್ತಿಗೊಂದು "ಕಿರ್". ಸೀಟ್ ಪೋಸ್ಟ್‌ಗೆ ಗ್ರೀಸ್ ಹಚ್ಚಿದೆ. ಕ್ರ್ಯಾಂಕ್ ಬೋಲ್ಟ್ ಬಿಗಿ ಮಾಡಿದೆ. ಜೊತೆಗೆ ಸವಾರಿ ಮಾಡುವ ಗೆಳೆಯ "ಪೆಡಲ್ ಹಿಡಿದು ಅಲ್ಲಾಡಿಸಿ ನೋಡು" ಅಂದ. "ಹೊಸದು ಗುರು" ಅಂದೆ. ನೋಡಲಿಲ್ಲ.

ನಿನ್ನೆ ಎಸ್‌ಜೆಪಿ ರಸ್ತೆಗೆ ಹೋಗಿದ್ದೆ. ಬೇರಿಂಗ್ ಅಂಗಡಿಯವರು ಕನ್ನಡಕ ಮೇಲೆತ್ತಿ ನೋಡಿ, "ಫ್ಯಾನಿಂದು ಕೇಳಿ, 6201, 6202, ಎಷ್ಟು ಬೇಕಾದ್ರೂ ಕೊಡ್ತೀನಿ. ಇದೇನ್ ಸರ್, ಮಕ್ಕಳ ಆಟದ್ದಾ?" ಅಂದರು. ಆದರೂ ಹುಡುಕಿ ಕೊಟ್ಟರು, ಎರಡೂ ಕಡೆ ರಬ್ಬರ್ ಮುಚ್ಚಿದ್ದು. ಅದು ಬಲಗಡೆಗೆ ಆಯಿತು. ಎಡಗಡೆಗೆ ಗನ್‌ಮೆಟಲ್ ಅನ್ನುವ ಕಂಚಿನ ಬುಷ್ ಕಡೆಸೋಣ ಅಂತ ಲೇತ್ ಅಂಗಡಿಗೆ ಹೋದರೆ, ಅವರು ಆಕ್ಸಲಿನ ಹಳ್ಳ ನೋಡಿ ತಲೆ ಆಡಿಸಿದರು. ಸರಿ, ಆಕ್ಸಲ್ಲೇ ದುಂಡಗಿಲ್ಲದ ಮೇಲೆ ಹೊಸ ಬುಷ್ ಏನು ಮಾಡೀತು. ಅದು ಗುಜರಿಗೆ.

ಒಂದು ಕಾಲಿಗೆ ಮಾತ್ರ ಪೆಡಲ್ ಇಟ್ಟುಕೊಂಡು ಏನು ಮಾಡುವುದು. ಅದೇ ಗೆಳೆಯ ತನ್ನ ಹಳೇ ಜೋಡಿ ಕೊಟ್ಟ. ಒಂಬತ್ತು ವರ್ಷ ತುಳಿದದ್ದು. ಇದು ಹಳೇ ಪದ್ಧತಿ, ಬಟ್ಟಲಿನಂಥ ಕಪ್, ಅದಕ್ಕೆ ಎದುರಾಗಿ ಬಿಗಿಯುವ ಕೋನ್, ನಡುವೆ ಬಿಡಿ ಬಾಲ್ಸು. ತೂಕ ಜಾಸ್ತಿ, ನೋಡಲು ಏನೂ ಚೆನ್ನಾಗಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ತುಂಬುತ್ತಿದ್ದನಂತೆ, ಅಷ್ಟೇ. ಅಲ್ಲಾಟ ಬಂದರೆ ಕೋನ್ ಕೂದಲೆಳೆಯಷ್ಟು ಬಿಗಿ ಮಾಡಬಹುದು. ಈ ಸವಲತ್ತು ನನ್ನ ಬುಷ್‌ಗೆ ಇರಲಿಲ್ಲ.

ಇವತ್ತು ಮಧ್ಯಾಹ್ನ ನಡುಮನೆಯಲ್ಲಿ ಪೇಪರ್ ಹಾಸಿ ಕೂತೆ. ಒಂದು ಪೆಡಲ್ ಮುಗಿಯಿತು. ಕೋನ್ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಲಾಕ್‌ನಟ್ ಹಾಕಿದರೆ ಲಾಕ್‌ನಟ್ ಜೊತೆ ಕೋನೂ ತಿರುಗಿ ಮತ್ತೆ ಬಿಗಿ. ನಾಲ್ಕನೇ ಸಲಕ್ಕೆ ಸರಿಯಾಯಿತು. ಬೆರಳಿಗೆ ಬೆಣ್ಣೆಯಲ್ಲಿ ತಿರುಗಿದ ಹಾಗೆ.

ಎರಡನೆಯದು ಬಿಚ್ಚುವಾಗ ಅಮ್ಮ ಫ್ಯಾನ್ ಹಾಕಿದರು, ಪೇಪರ್ ಎದ್ದಿತು, ಬಾಲ್ಸ್ ಹೋಯಿತು. ಒಂದು ಇಂಚಿನ 32ರಲ್ಲಿ 3 ಭಾಗ ಅಂತ ಲೆಕ್ಕ. ಅಂದರೆ ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಒಂದು ಕಡೆಗೆ 12, ಎರಡು ಕಡೆಗೆ 24. ಮ್ಯಾಗ್ನೆಟ್ ಹಿಡಿದು ನೆಲವೆಲ್ಲ ಸವರಿ, ಡೀಸೆಲ್‌ನಲ್ಲಿ ತೊಳೆದು, ಸ್ಟೀಲ್ ಬಟ್ಟಲಿಗೆ ಹಾಕಿ ಎಣಿಸಿದೆ. 23. "ಒಂದ್ ತಾನೆ ಕಣೋ, ಹೋದ್ರೆ ಹೋಗ್ಲಿ" ಅಂದರು ಅಮ್ಮ.

ಸೋಫಾ ಕೆಳಗೆ ಇರಬೇಕು. ಬೆಳಗ್ಗೆ ಟಾರ್ಚ್ ಹಾಕಿ ನೋಡುತ್ತೇನೆ.