ಸುಣ್ಣ ಕುಡಿದು ಬದುಕಿದ ಓರ್ತಾ

ರೈಲು ಮಿಲಾನ್ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು, "ಗದ್ದೆ ಕಣೇ! ನೋಡೇ ಇಲ್ಲಿ, ಭತ್ತದ ಗದ್ದೆ!" ಅಂತ ಕೂಗಿದಳು. ನಿಜವೇ. ಎರಡೂ ಕಡೆ ಕಣ್ಣು ಹಾಯುವವರೆಗೆ ನೀರು ನಿಂತ ಗದ್ದೆಗಳು. ಮೇ ತಿಂಗಳ ಕೊನೆ. ಪೈರು ಆಗಷ್ಟೇ ನೀರಿನಿಂದ ತಲೆ ಎತ್ತಿತ್ತು. ಬದುವಿನ ಮೇಲೆ ಬೆಳ್ಳಕ್ಕಿಗಳು.

ನೊವಾರಾ, ವೆರ್ಚೆಲ್ಲಿ ಸುತ್ತಲಿನ ಈ ಬಯಲು ಇಟಲಿಯ ಭತ್ತದ ಕಣಜ. ಪೋ ನದಿಯ ನೀರನ್ನು ಇಲ್ಲಿಗೆ ತರುವ ಕಾವೂರ್ ನಾಲೆ 1866ರಲ್ಲಿ ಮುಗಿದದ್ದು. ಅಮ್ಮ ಮದ್ದೂರಿನ ಕಡೆಯವಳು. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ನಾಟಿ ಹಾಕಿ ಬೆಳೆದವಳು. "ಗದ್ದೆಯಲ್ಲಿ ಒಂದು ನರಪಿಳ್ಳೆಯೂ ಇಲ್ವಲ್ಲೇ" ಅಂತ ಅವಳಿಗೆ ಬೇಜಾರು. ಹಿಂದೆ ಇಲ್ಲೂ ಕಳೆ ಕೀಳಲು ಸಾವಿರಾರು ಹೆಂಗಸರು ಬರುತ್ತಿದ್ದರು, ಅವರಿಗೆ ಮೊಂದೀನೆ ಅನ್ನುತ್ತಿದ್ದರು, ಈಗ ಎಲ್ಲ ಯಂತ್ರ ಅಂತ ಹೇಳಿದೆ. ಅಮ್ಮ ನೊವಾರಾ ಬರುವವರೆಗೂ ಮಾತಾಡಲಿಲ್ಲ.

ನನ್ನ ತಮ್ಮ ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಸರೋವರ ಅಂದರೆ ಕೋಮೋ ಅಂತ ಎಲ್ಲರ ಹಾಗೆ ಮೊದಲು ಅಲ್ಲಿಗೇ ಹೋಗಿದ್ದೆವು. ವರೆನ್ನಾದಲ್ಲಿ ದೋಣಿಗಾಗಿ ಒಂದೂವರೆ ಗಂಟೆ ಬಿಸಿಲಲ್ಲಿ ಕ್ಯೂ ನಿಂತೆವು. ಬೆಲ್ಲಾಜಿಯೋದ ಮೆಟ್ಟಿಲುಗಳಲ್ಲಿ ಜನ ಒಬ್ಬರ ಫೋಟೋದಲ್ಲಿ ಇನ್ನೊಬ್ಬರು ಬರದ ಹಾಗೆ ತಳ್ಳಾಡುತ್ತಿದ್ದರು. ಕೋಮೋ ಚೆಂದ ಇಲ್ಲ ಅನ್ನಲಾರೆ. ಆದರೆ ನನಗೆ ಅಲ್ಲಿ ಉಸಿರು ಕಟ್ಟಿತು. ಮಂಡಿ ನೋವಿನ ಅಮ್ಮನಿಗಂತೂ ಕೂರಲು ಒಂದು ಕಲ್ಲಿನ ಮೂಲೆಯೂ ಸಿಗಲಿಲ್ಲ. ಆ ರಾತ್ರಿ ತಮ್ಮನೇ ಹೇಳಿದ: "ಅಕ್ಕ, ಓರ್ತಾ ಸರೋವರಕ್ಕೆ ಹೋಗಿ. ಮಿಲಾನ್‌ನವರು ಸುಮ್ನೆ ಎರಡು ದಿನ ಇದ್ದು ಬರೋಣ ಅಂತ ಹೋಗೋ ಜಾಗ. ಶನಿವಾರ ನಾನೂ ಬಂದು ಸೇರ್ಕೋತೀನಿ."

ಹಾಗೆ ಗುರುವಾರ ನಾವಿಬ್ಬರೇ ಹೊರಟಿದ್ದೆವು. ನೊವಾರಾದಲ್ಲಿ ರೈಲು ಬದಲಿಸಬೇಕು. ಮುಂದಿನ ರೈಲಿಗೆ ಹೊತ್ತಿತ್ತು. ಊಟಕ್ಕೆ ಕೂತೆವು. ಆವತ್ತಿನದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪನಿಶಾ ಅಂತ ಅಲ್ಲಿಯ ಒಂದು ಅನ್ನದ ಅಡುಗೆ. ಅಕ್ಕಿ, ಅವರೆಯಂಥ ಕಾಳು, ಎಲೆಕೋಸು, ಕ್ಯಾರೆಟ್ ಹಾಕಿದ್ದಾರೆ ಅಂದರು. ಮಾಂಸ ಇದೆಯಾ ಅಂತ ಎರಡು ಸಲ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು. ಅಮ್ಮ ಎರಡು ಚಮಚ ತಿಂದು, ಬಾಯಿಗೆ ಸಿಕ್ಕ ಒಂದು ಚೂರನ್ನು ಕರವಸ್ತ್ರಕ್ಕೆ ತೆಗೆದು ನನ್ನ ಮುಖ ನೋಡಿದಳು. ಹಂದಿ ಮಾಂಸದ ಸಲಾಮಿ. ಅರವತ್ತಾರು ವರ್ಷ ಮೊಟ್ಟೆಯನ್ನೂ ಮುಟ್ಟದವಳು. ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ಅದೇ ನನಗೆ ಜಾಸ್ತಿ ನೋವಾಯಿತು.

ಸಸ್ಯಾಹಾರಿಗಳು ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ: ಸೆಂಜಾ ಕಾರ್ನೆ, ಸೆಂಜಾ ಸಲಾಮೆ, ಸೆಂಜಾ ಬ್ರೋಡೊ ದಿ ಕಾರ್ನೆ. ಮಾಂಸ ಬೇಡ, ಸಲಾಮಿ ಬೇಡ, ಮಾಂಸ ಬೇಯಿಸಿದ ನೀರೂ ಬೇಡ. ಮೂರನ್ನೂ ಬೇರೆ ಬೇರೆ ಹೇಳಬೇಕು. ರುಚಿಗೆ ಹಾಕಿದ ಚೂರನ್ನು ಅಲ್ಲಿ ಎಷ್ಟೋ ಜನ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಿಸೊಟ್ಟೊ ಅನ್ನುವ ಅನ್ನ ಬೇಯುವುದೇ ಎಷ್ಟೋ ಕಡೆ ಮಾಂಸದ ಸಾರಿನಲ್ಲಿ. ಪಾರ್ಮಿಜಾನೊ ಚೀಸ್ ಮಾಡಲು ಹಾಲು ಒಡೆಯಿಸುವುದೂ ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವಿನಿಂದ.

ಇನ್ನೊಂದು ಮಾತು. ಓರ್ತಾ-ಮಿಯಾಜಿನೊ ನಿಲ್ದಾಣ ಊರಿನ ಮೇಲಿನ ಗುಡ್ಡದಲ್ಲಿದೆ. ಊರಿಗೆ ಸುಮಾರು ಅರ್ಧ ಗಂಟೆ ನಡಿಗೆ. ನಾವು ಇಳಿದಾಗ ಟ್ಯಾಕ್ಸಿ ಇರಲಿಲ್ಲ, ಕೇಳೋಣ ಅಂದರೆ ಒಬ್ಬರೂ ಇರಲಿಲ್ಲ. ಉಳಿಯುವ ಮನೆಯವರಿಗೆ ಮೊದಲೇ ಹೇಳಿ ಗಾಡಿ ತರಿಸಿಕೊಳ್ಳಿ.

ಊರಿನ ಹೆಸರು ಓರ್ತಾ ಸಾನ್ ಜೂಲಿಯೊ. ಮಜ್ಜೋರೆ ಸರೋವರದ ಪಶ್ಚಿಮಕ್ಕೆ, ಒಂದು ಬೆಟ್ಟದ ಆಚೆ ಅಡಗಿ ಕೂತಿದೆ. ಒಂದೇ ಮುಖ್ಯ ಬೀದಿ. ಅದೂ ಎದುರಿಗೆ ಬಂದವರಿಗೆ ಭುಜ ಓರೆ ಮಾಡಿ ದಾರಿ ಬಿಡುವಷ್ಟು ಕಿರಿದು. ಬೀದಿ ಹೋಗಿ ತೆರೆದುಕೊಳ್ಳುವುದು ಮೊತ್ತಾ ಚೌಕಕ್ಕೆ. ಚೌಕದ ಮೂರು ಕಡೆ ಮನೆಗಳು, ನಾಲ್ಕನೆಯ ಕಡೆ ನೀರು. ಕಂಬಗಳ ಮೇಲೆ ನಿಂತ 1582ರ ಪುಟ್ಟ ಸಭಾಭವನವೊಂದಿದೆ, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಅದರ ಕೆಳಗಿನ ನೆರಳಲ್ಲಿ ಅಮ್ಮ ಕಾಲು ಚಾಚಿ ಕೂತಳು. ಯಾರೂ ಏಳಿ ಅನ್ನಲಿಲ್ಲ.

ಎದುರಿಗೆ ನಾನೂರು ಮೀಟರ್ ದೂರದಲ್ಲಿ ಒಂದು ದ್ವೀಪ. ನಾಲ್ಕನೇ ಶತಮಾನದ ಕೊನೆಯಲ್ಲಿ ಜೂಲಿಯೊ ಎಂಬ ಸಂತ ಇಲ್ಲಿಗೆ ಬಂದನಂತೆ. ದ್ವೀಪದ ತುಂಬ ಹಾವು, ಡ್ರ್ಯಾಗನ್. ಹೆದರಿ ಯಾರೂ ದೋಣಿ ಕೊಡಲಿಲ್ಲವಂತೆ. ಅವನು ತನ್ನ ಮೇಲುಹೊದಿಕೆಯನ್ನೇ ನೀರಿನ ಮೇಲೆ ಹಾಸಿ ದಾಟಿ, ಅವನ್ನೆಲ್ಲ ಓಡಿಸಿ ಚರ್ಚ್ ಕಟ್ಟಿದನಂತೆ. ಕಥೆ ಕೇಳಿ ಅಮ್ಮ, "ಹಾವನ್ನ ಯಾಕೆ ಓಡಿಸ್ಬೇಕಿತ್ತು? ತನಿ ಎರೆದಿದ್ರೆ ತಮ್ಮ ಪಾಡಿಗೆ ಇರ್ತಿದ್ವು" ಅಂದಳು.

ದ್ವೀಪದಲ್ಲಿ ಈಗ ಇರುವುದು ಮುಖ್ಯವಾಗಿ 1973ರಲ್ಲಿ ಶುರುವಾದ ಸನ್ಯಾಸಿನಿಯರ ಮಠ. ಅವರು ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಒಳಗೆ ಹಳೆಯ ಕಾಲದ ಬಟ್ಟೆಗಳನ್ನು ಎಳೆ ಎಳೆಯಾಗಿ ದುರಸ್ತಿ ಮಾಡುತ್ತಾರೆ. ಮಠವನ್ನು ಸುತ್ತುವ ಓಣಿಗೆ ಮೌನದ ದಾರಿ ಅಂತ ಹೆಸರು. ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಮುಗಿಯುತ್ತದೆ. ಅಲ್ಲಲ್ಲಿ ನೇತುಹಾಕಿದ ಫಲಕಗಳಲ್ಲಿ ಮೌನದ ಬಗ್ಗೆ ಒಂದೊಂದು ಸಾಲು. ನನಗೆ ಅವು ಬೇಕಿರಲಿಲ್ಲ. ಓಣಿಯ ಕಲ್ಲಿನ ಮೇಲೆ ಅಮ್ಮನ ಕಾಲುಂಗುರದ ಟಿಕ್ ಟಿಕ್ ಕೇಳಿಸಿತು. ಮೂವತ್ತೆಂಟು ವರ್ಷದಲ್ಲಿ ಆ ಸದ್ದನ್ನು ನಾನು ಕೇಳಿಯೇ ಇರಲಿಲ್ಲ ಅನ್ನಿಸಿತು.

ಶುಕ್ರವಾರ ಸಂತ ಫ್ರಾನ್ಸಿಸ್‌ನ ಇಪ್ಪತ್ತು ಗುಡಿಗಳಿರುವ ಬೆಟ್ಟ ಹತ್ತಿದೆವು. ಒಳಗೆ ಆಳೆತ್ತರದ ಮಣ್ಣಿನ ಬೊಂಬೆಗಳು. 2003ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಶನಿವಾರ ಬೆಳಿಗ್ಗೆ ತಮ್ಮ ಬಂದ. ನಮ್ಮನ್ನು ಸರೋವರದ ಉತ್ತರ ತುದಿಯ ಒಮೆಞಾಕ್ಕೆ ಕರೆದುಕೊಂಡು ಹೋದ. ಒಲೆಯ ಮೇಲಿಟ್ಟು ಕಾಫಿ ಮಾಡುವ ಮೋಕಾ ಪಾತ್ರೆ 1933ರಲ್ಲಿ ಹುಟ್ಟಿದ ಊರು ಅದು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿಯೇ, ಅಂದ ಮೇಲೆ ಅಲ್ಲಿ ಕುಡಿದ ಕಾಫಿಯಲ್ಲಿ ಚಿಕ್ಕಮಗಳೂರೂ ಇದ್ದಿರಬಹುದು. ಆದರೂ ಅಮ್ಮನ ಫಿಲ್ಟರ್ ಡಿಕಾಕ್ಷನ್ನೇ ನನಗೆ ಮೇಲು.

ನಾನು ಇದನ್ನೆಲ್ಲ ಬರೆಯಲು ಕೂತದ್ದು ಆ ಶನಿವಾರದ ಸಂಜೆಗಾಗಿ.

ಉಳಿದುಕೊಂಡಿದ್ದ ಮನೆಯ ಹಿಂದೆ ನೀರಿಗೆ ಇಳಿಯುವ ನಾಲ್ಕು ಕಲ್ಲಿನ ಮೆಟ್ಟಿಲು. ಅಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲವರೆಗೆ ಇಳಿದಳು. ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡಳು, ಕಾವೇರಿಗೆ ಹೋದರೆ ಮಾಡುವ ಹಾಗೇ. ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ಬೆರಳುದ್ದದ ಮೀನುಗಳು ಬಂದು ಅವಳ ಕಾಲ್ಬೆರಳಿಗೆ ಮುತ್ತಿಕೊಂಡವು. ಅಮ್ಮ ಹುಡುಗಿಯ ಹಾಗೆ ನಕ್ಕಳು.

ಮನೆಯೊಡತಿಯ ತಾಯಿ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಎಂಬತ್ತು ದಾಟಿದ ಅಜ್ಜಿ. ನಮ್ಮ ನಗು ನೋಡಿ ಏನೋ ಹೇಳಿದರು. ತಮ್ಮ ಕೇಳಿಸಿಕೊಂಡು ಸುಮ್ಮನಾದ.

"ಏನಂತೋ?" ಅಂದೆ.

"ನಾನು ಚಿಕ್ಕವಳಿದ್ದಾಗ ಈ ನೀರಲ್ಲಿ ಒಂದು ಮೀನೂ ಇರಲಿಲ್ಲ ಅಂತಿದಾರೆ."

ಅಲ್ಲಿಂದ ಕತ್ತಲಾಗುವವರೆಗೆ ನಾವು ಏಳಲಿಲ್ಲ. ಅವರ ತಾತ ಇಲ್ಲೇ ಮೀನು ಹಿಡಿದು ಬದುಕುತ್ತಿದ್ದವರು. 1926ರಲ್ಲಿ ದಕ್ಷಿಣದ ತುದಿಯ ಗೊಜ್ಜಾನೊದಲ್ಲಿ ಕೃತಕ ರೇಷ್ಮೆ ಕಾರ್ಖಾನೆ ಬಂತು. ಹತ್ತಿಯನ್ನು ತಾಮ್ರ ಮತ್ತು ಅಮೋನಿಯಾದಲ್ಲಿ ಕರಗಿಸಿ ನೂಲು ತೆಗೆಯುವ ಕೆಲಸ. ಉಳಿದ ನೀರೆಲ್ಲ ಸರೋವರಕ್ಕೆ. ಕೆಲವೇ ವರ್ಷಗಳಲ್ಲಿ ಮೀನು ಹೋಯಿತು, ಮೀನಿಗೆ ಆಹಾರವಾಗಿದ್ದ ಸಣ್ಣ ಜೀವಗಳೂ ಹೋದವು. ತಾತ ಬಲೆಯನ್ನು ಅಟ್ಟಕ್ಕೆ ಹಾಕಿದರು. ತಂದೆ ಆಚೆ ದಡದಲ್ಲಿ ನಲ್ಲಿ ಮಾಡುವ ಕಾರ್ಖಾನೆಗೆ ಸೇರಿದರು. ಮುಂದೆ ನಲ್ಲಿಗೆ ಹೊಳಪು ಕೊಡುವ ಕೆಲಸದ ಕ್ರೋಮಿಯಂ, ತಾಮ್ರವೂ ಇದೇ ನೀರಿಗೆ ಸೇರಿತು.

"ಅಪ್ಪ ತಂದ ಸಂಬಳದಲ್ಲೇ ನಾನು ಶಾಲೆಗೆ ಹೋದೆ" ಅಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, "ಆಗಲೂ ನೋಡಲು ಇದು ಚೆಂದವೇ ಇತ್ತು. ಜೀವ ಇರಲಿಲ್ಲ."

ಅಮೋನಿಯಾ ನೀರಲ್ಲಿ ಬದಲಾಗುತ್ತಾ ಇಡೀ ಸರೋವರ ಹುಳಿಯಾಗಿತ್ತು. 143 ಮೀಟರ್ ಆಳದ ಸರೋವರ. ನೀರು ಹೊರಗೆ ಹೋಗುವುದು ಉತ್ತರಕ್ಕೆ, ಆಲ್ಪ್ಸ್ ಕಡೆಗೆ ಹರಿಯುವ ಒಂದು ಸಣ್ಣ ಹೊಳೆಯಲ್ಲಿ. ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 10 ವರ್ಷ ಬೇಕು. ಕಾನೂನು ಬಂದು ಕೊಳೆ ನಿಂತರೂ ಹುಳಿ ಹೋಗಲಿಲ್ಲ. ಕೊನೆಗೆ ಮಜ್ಜೋರೆ ದಡದ ಪಲ್ಲಾಂಜಾದಲ್ಲಿದ್ದ ಸರೋವರ ವಿಜ್ಞಾನಿಗಳು ಲೆಕ್ಕ ಹಾಕಿ ಒಂದು ದಾರಿ ಹೇಳಿದರು. 1989 ಮತ್ತು 1990ರಲ್ಲಿ ಹುಳಿ ಮುರಿಯಲು ದೋಣಿಯಿಂದ 10 ಸಾವಿರ ಟನ್‌ಗೂ ಹೆಚ್ಚು ಸುಣ್ಣಕಲ್ಲಿನ ಪುಡಿ ಹಾಕಿದರು.

"ಸುಣ್ಣವಾ?" ಅಮ್ಮ ಮೆಟ್ಟಿಲು ಹತ್ತಿ ಬಂದಳು. ಸೊಂಟದ ಚೀಲಕ್ಕೆ ಕೈ ಹಾಕಿ ತನ್ನ ಸುಣ್ಣದ ಡಬ್ಬಿ ತೆಗೆದಳು. ಅಂಚು ಸವೆದ ಹಿತ್ತಾಳೆ ಡಬ್ಬಿ. ಮುಚ್ಚಳ ತೆಗೆದು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಕಿರುಬೆರಳ ತುದಿಗೆ ಚೂರು ತೆಗೆದುಕೊಂಡು, ಹೆಬ್ಬೆರಳಿಂದ ಉಜ್ಜಿ ಮೂಸಿ ನೋಡಿದರು. ಅದೇ ಕಲ್ಲನ್ನು ಸುಟ್ಟು ನೀರು ಹಾಕಿದರೆ ಇದು ಅಂತ ತಮ್ಮ ಇಟಾಲಿಯನ್‌ನಲ್ಲಿ ಹೇಳಿದ. ಇದನ್ನು ತಿನ್ನುತ್ತೀರಾ ಅಂತ ಅಜ್ಜಿ ಕಣ್ಣರಳಿಸಿದರು. "ಎಲೆ ಅಡಿಕೆ ಜೊತೆ, ಅಕ್ಕಿ ಕಾಳಷ್ಟು. ಜಾಸ್ತಿ ಆದ್ರೆ ಬಾಯಿ ಬೆಂದು ಹೋಗುತ್ತೆ ಅಂತ ಹೇಳೋ" ಅಂದಳು ಅಮ್ಮ.

"ನಿಮ್ಮ ಊರಲ್ಲೂ ಸರೋವರ ಇದೆಯಾ?" ಅಜ್ಜಿ ನನ್ನನ್ನು ಕೇಳಿದರು.

ನನ್ನ ಮನೆ ಬೆಳ್ಳಂದೂರು ಕೆರೆಯಿಂದ ಎರಡು ಕಿಲೋಮೀಟರ್. ಫೋನಿನಲ್ಲಿ 2017ರ ಒಂದು ಫೋಟೋ ಇತ್ತು. ಕೋಡಿಯಿಂದ ಎದ್ದ ಬಿಳಿ ನೊರೆ ರಸ್ತೆಗೆ ಹಾರುತ್ತಿರುವುದು. ತೋರಿಸಿದೆ. ಹಿಮವಾ ಅಂತ ಕೇಳಿದರು. ಅಲ್ಲ, ಊರಿನ ಕೊಳಚೆ ನೀರಿನ ನೊರೆ ಅಂದೆ. ಅದೇ ವರ್ಷ ಆ ಕೆರೆಯಲ್ಲಿ ಬೆಂಕಿಯೂ ಹತ್ತಿತ್ತು ಅಂತ ಹೇಳುವಾಗ ನನ್ನ ಗಂಟಲು ಕಟ್ಟಿತು. ನೀರಿಗೆ ಬೆಂಕಿ ಅನ್ನುವುದನ್ನು ತಮ್ಮ ಅಜ್ಜಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಅಜ್ಜಿ ಫೋನ್ ವಾಪಸ್ ಕೊಡಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಾ, "ಅಲ್ಲಿ ಮೀನು ಹಿಡಿಯುತ್ತಿದ್ದವರು ಈಗ ಏನು ಮಾಡುತ್ತಾರೆ?" ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಆ ಕೆರೆಯ ಪಕ್ಕದ ರಸ್ತೆಯಲ್ಲೇ ಆಫೀಸಿಗೆ ಹೋಗಿದ್ದೇನೆ. ಒಂದು ದಿನವೂ ಆ ಪ್ರಶ್ನೆ ನನಗೆ ಬಂದಿರಲಿಲ್ಲ.

ಭಾನುವಾರ ಹೊರಡುವಾಗ ಅಜ್ಜಿ ಒಳಗಿಂದ ಒಂದು ಪೊಟ್ಟಣ ತಂದು ಅಮ್ಮನ ಕೈಗಿಟ್ಟರು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು, ಹೆಬ್ಬೆರಳ ಉಗುರಿನಷ್ಟು. ತಾತನ ಬಲೆಯದು. ಅಮ್ಮ ಒಂದು ಕ್ಷಣ ನಿಂತಳು. ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ರೈಲು ಗದ್ದೆ ಬಯಲಿಗೆ ಇಳಿದಾಗ ಅಮ್ಮ ಎಲೆ ಮಡಿಸಲು ಕೂತಳು. ಅಡಿಕೆ ಇಟ್ಟಳು. ಚೀಲದಲ್ಲಿ ತಡಕಾಡಿ ಕೈ ಹಿಂದಕ್ಕೆ ತೆಗೆದಳು.

"ಮಿಲಾನ್‌ನಲ್ಲಿ ಸುಣ್ಣ ಸಿಗುತ್ತೇನೋ ಮಗ?"