ಹಳದಿ ಚೀಲಕ್ಕೆ ಹೋದ ಡಬ್ಬಿ

ನವೆಂಬರ್ 16, 2025, ಭಾನುವಾರ
ಬೆಂಗಳೂರು, ಬಾಡಿಗೆ ಮನೆ. ರಾತ್ರಿ 8.20. ತಮ್ಮನ 58ನೇ ದಿನ.

ಟ್ರಾನ್ಸ್‌ಪ್ಲಾಂಟ್ ಆದವರ ಮನೆಯಲ್ಲಿ ಕ್ಯಾಲೆಂಡರೇ ಬೇರೆ. ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಕಣ, ಹತ್ತಿಸಿದ ದಿನ ಸೊನ್ನೆ. ಅಲ್ಲಿಂದ ಎಣಿಕೆ ಶುರು. ವಿಜಯದಶಮಿಯ ಮರುದಿನ ಅವನಿಗೆ 14. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಅವತ್ತೇ 500 ದಾಟಿದ್ದು, ಅಂದರೆ ಹೊಸ ಸೆಲ್ ಹಿಡಿದಿದೆ ಅಂತ. ಹಿಂದಿನ ದಿನ ಬನ್ನಿ ಕೊಡೋದನ್ನೇ ಮರೆತಿದ್ದ ಅಮ್ಮ, ಅವತ್ತು ವಾರ್ಡಿನ ಹೊರಗೆ ಕಂಡವರ ಕೈಗೆಲ್ಲ ಸಕ್ಕರೆ ಹಾಕಿದಳು. ಸೆಕ್ಯುರಿಟಿಯವರಿಗೂ.

ಆ ಸೆಲ್‌ಗಳು ನನ್ನವು. ಐದು ದಿನ ಇಂಜೆಕ್ಷನ್, ಸೊಂಟ ಮುರಿದುಹೋಗುವಂಥ ಮೂಳೆ ನೋವು, ಆಮೇಲೆ ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗಿದ್ದು. ಅಷ್ಟೇ. ಚೀಲ ನೋಡಿದರೆ ಟೊಮೆಟೊ ಸಾರಿನ ಬಣ್ಣ. ಅವನದು ಓ ಪಾಸಿಟಿವ್, ನನ್ನದು ಬಿ ಪಾಸಿಟಿವ್. ಇನ್ನು ಕೆಲವು ತಿಂಗಳಲ್ಲಿ ಅವನ ರಕ್ತದ ಗುಂಪೂ ಬಿ ಆಗುತ್ತದೆ. "ಇನ್ಮೇಲೆ ನಂಗೆ ಕೋಪ ಬಂದ್ರೆ ನೀನೇ ಜವಾಬ್ದಾರಿ ಅಕ್ಕ" ಅಂದ.

ರಕ್ತದ ಲೆಕ್ಕ ಚೆನ್ನಾಗಿದೆ. ತಕರಾರು ಇರೋದು ಹೊಟ್ಟೆಯದು. ಬಲಿಪಾಡ್ಯಮಿ ದಿನ, ಅಂದರೆ 33ನೇ ದಿನ, ಭೇದಿ ಶುರುವಾಯಿತು. ಮತ್ತೆ ಅಡ್ಮಿಟ್. ಬಾತ್‌ರೂಮಿನಲ್ಲಿ ಗೀಟು ಹಾಕಿದ ಪ್ಲಾಸ್ಟಿಕ್ ಜಗ್ ಇಟ್ಟರು. ಪ್ರತಿ ಸಲ ಎಷ್ಟು ಎಂಎಲ್ ಅಂತ ಚಾರ್ಟಿನಲ್ಲಿ ಬರೆಯಬೇಕು. ದಿನಕ್ಕೆ 500 ದಾಟಿದರೆ ಒಂದು ಹಂತ, 1,000 ದಾಟಿದರೆ ಅದರ ಮೇಲಿನದು. ನಮ್ಮವನು ಒಂದು ದಿನ 1,150 ಮುಟ್ಟಿದ. ಕರುಳಿನ ಒಳಗಿಂದ ಚೂರು ತೆಗೆದು ಬಯಾಪ್ಸಿ ಮಾಡಿದರು. ಜಿವಿಎಚ್‌ಡಿ ಅಂತ ಬಂತು. ನನ್ನ ಸೆಲ್‌ಗಳು ಅವನ ಕರುಳನ್ನು ಯಾರದೋ ಮನೆ ಅಂದುಕೊಂಡು ಜಗಳಕ್ಕೆ ನಿಂತಿವೆ, ಅಷ್ಟೇ ವಿಷಯ. ಸ್ಟಿರಾಯ್ಡ್ ಕೊಟ್ಟ ಮೇಲೆ ಇಳಿಯಿತು. ಇವತ್ತು ಮೂರೇ ಸಲ. ರಾತ್ರಿ ಅರ್ಧ ತಟ್ಟೆ ಅನ್ನ, ಬೇಳೆಕಟ್ಟು ತಿಂದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಹಾಸನದಲ್ಲಿ ಲ್ಯಾಬ್ ಟೆಕ್ನೀಷಿಯನ್. 17 ವರ್ಷದಿಂದ ಬೇರೆಯವರ ಮಲದ ಡಬ್ಬಿ ಮುಚ್ಚಳ ತೆಗೆಯೋದೇ ನನಗೆ ಅನ್ನ ಹಾಕಿದೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ನನಗೆ ಮುಜುಗರವಿಲ್ಲ. ಊಟ ಮಾಡುತ್ತಾ ಓದುತ್ತಿರುವವರು ಕೈ ತೊಳೆದು ಬನ್ನಿ.

ಕಳೆದ ವಾರದಿಂದ ತಲೆಯಲ್ಲಿ ಕೂತಿರುವುದು ಮಲದ ಕಸಿ. ಡಾಕ್ಟರುಗಳ ಬಾಯಲ್ಲಿ ಎಫ್‌ಎಂಟಿ. ಆರೋಗ್ಯವಂತರ ಮಲವನ್ನು ಸೋಸಿ, ಎನಿಮಾ ಮೂಲಕವೋ ಮೂಗಿನ ಟ್ಯೂಬಿನಿಂದಲೋ ಕ್ಯಾಪ್ಸೂಲ್ ಮಾಡಿಯೋ ರೋಗಿಯ ಕರುಳಿಗೆ ಸೇರಿಸುವುದು. ಇದು ಹೊಸದೇನಲ್ಲ. 1958ರಲ್ಲೇ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಅನ್ನೋ ಸರ್ಜನ್ ಮತ್ತು ಅವರ ಜೊತೆಯವರು ಭೇದಿಯಿಂದ ಸಾಯುವ ಸ್ಥಿತಿಯಲ್ಲಿದ್ದ ನಾಲ್ವರಿಗೆ ಹೀಗೆ ಎನಿಮಾ ಕೊಟ್ಟ ವರದಿ ಬರೆದಿದ್ದಾರೆ. ಈಗ ಅಲ್ಲಿ ಇದರ ಔಷಧಿಗೇ ಸರ್ಕಾರದ ಅನುಮತಿ ಇದೆ. 2022ರಲ್ಲಿ ಎನಿಮಾ ರೂಪದ್ದು, 2023ರಲ್ಲಿ ಕ್ಯಾಪ್ಸೂಲ್. ಆದರೆ ಅದು ಸಿ. ಡಿಫ್ ಅನ್ನೋ ಒಂದೇ ಒಂದು ಹಟಮಾರಿ ಸೋಂಕಿಗೆ. ನಮ್ಮಂಥ ಟ್ರಾನ್ಸ್‌ಪ್ಲಾಂಟ್ ಮನೆಯವರಿಗೆ ಇನ್ನೂ ಪ್ರಯೋಗದ ಮಾತು.

ಇದರ ಬಗ್ಗೆ ಅಮ್ಮನಿಗೆ ಹೇಗೆ ಹೇಳೋದು ಅಂತ ಒದ್ದಾಡುತ್ತಿದ್ದೆ. ಕರುಳಲ್ಲಿ ಒಳ್ಳೆ ಕ್ರಿಮಿ ಇರುತ್ತವೆ, ನಾವು ತಿಂದ ನಾರನ್ನು ಅವು ತಿಂದು ಬ್ಯುಟಿರೇಟ್ ಅನ್ನೋದನ್ನ ಮಾಡುತ್ತವೆ, ಅದೇ ದೊಡ್ಡ ಕರುಳಿನ ಗೋಡೆಗೆ ಊಟ, ಜ್ವರಕ್ಕೆ ಕೊಟ್ಟ ಮೆರೋಪೆನೆಮ್ ಅನ್ನೋ ಆ್ಯಂಟಿಬಯಾಟಿಕ್ ಅವನ್ನೆಲ್ಲ ಕೊಂದುಹಾಕಿದೆ ಅಂತ ಶುರು ಮಾಡಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಹೆಪ್ಪು ತರೋದು ಅನ್ನು" ಅಂದಳು. ಅಷ್ಟೇ. ನಮ್ಮನೆ ಮೊಸರು ಲೋಳೆಯಾದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವುದಿಲ್ವಾ?

ಖಾಲಿ ಜಾಗ ಖಾಲಿ ಇರೋದಿಲ್ಲ ಅನ್ನೋದು ಅಮ್ಮನಿಗೆ ಹೇಳಿಕೊಡಬೇಕಾದ್ದಲ್ಲ. ಹೊಲ ಪಾಳು ಬಿಟ್ಟರೆ ಕಾಂಗ್ರೆಸ್ ಗಿಡ ಬರುತ್ತದೆ. ಕರುಳಿನಲ್ಲಿ ಬರುವ ಕಾಂಗ್ರೆಸ್ ಗಿಡದ ಹೆಸರು ಎಂಟೆರೊಕಾಕಸ್. ನೂರಾರು ಬಗೆ ಇದ್ದ ಕಡೆ ಅದೊಂದೇ ತುಂಬಿಕೊಳ್ಳುತ್ತದೆ. 2019ರಲ್ಲಿ ಅದರ ಮೇಲೆ ಬಂದ ಒಂದು ಸಂಶೋಧನೆ ಓದಿ ನನಗೆ ನಗು ಬಂತು, ಬೇಜಾರೂ ಆಯಿತು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇದೆಯಲ್ಲ, ಅದು ಎಂಟೆರೊಕಾಕಸ್‌ಗೆ ಹಬ್ಬದೂಟ. ಲ್ಯಾಕ್ಟೋಸ್ ಇಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಜಿವಿಎಚ್‌ಡಿ ಕಮ್ಮಿಯಾಯಿತಂತೆ. ಇಲಿಯ ಮಾತು ಅದು, ನಮ್ಮವನಿಗೆ ಹೇಗೋ. ಮೊಸರಂತೂ ಡಯಟಿಷಿಯನ್ ಪಟ್ಟಿಯಲ್ಲಿ ಮೊದಲೇ ಬಂದ್ ಆಗಿದೆ, ಸೋಂಕಿನ ಭಯಕ್ಕೆ. ನಮ್ಮ ಮನೆಯಲ್ಲಿ ಮೊಸರಿಲ್ಲದೆ ಏಳೋದು ಅಂದರೆ ಅರ್ಧ ಊಟಕ್ಕೆ ಎದ್ದ ಹಾಗೆ. ಎರಡು ತಿಂಗಳಿಂದ ಅರ್ಧ ಊಟಕ್ಕೇ ಏಳುತ್ತಿದ್ದಾನೆ.

ಕರುಳಿನ ಈ ಬಡತನಕ್ಕೂ ಬದುಕುಳಿಯೋದಕ್ಕೂ ಸಂಬಂಧ ಇದೆ ಅಂತ ದೊಡ್ಡದಾಗಿ ತೋರಿಸಿದ್ದು 2020ರಲ್ಲಿ. ಅಮೆರಿಕದ ನ್ಯೂಯಾರ್ಕ್, ಡರ್ಹಾಮ್, ಜರ್ಮನಿಯ ರೆಗೆನ್ಸ್‌ಬರ್ಗ್, ಜಪಾನಿನ ಸಪ್ಪೊರೊ. ನಾಲ್ಕು ಊರಿನ 1,362 ಟ್ರಾನ್ಸ್‌ಪ್ಲಾಂಟ್ ರೋಗಿಗಳು, 8,767 ಮಲದ ಸ್ಯಾಂಪಲ್. ಕರುಳಿನಲ್ಲಿ ಬಗೆಬಗೆಯ ಕ್ರಿಮಿ ಉಳಿಸಿಕೊಂಡವರಲ್ಲಿ ಸಾವು ಕಮ್ಮಿ. ಅನ್ನ, ಬ್ರೆಡ್ಡು, ಆಲೂಗಡ್ಡೆ ಏನೇ ತಿನ್ನುವ ಊರಾದರೂ ಚಿತ್ರ ಒಂದೇ. 8,767 ಡಬ್ಬಿ! ಲೇಬಲ್ ಬರೆದವರ ಕೈಗಳ ಬಗ್ಗೆ ನನಗೆ ಯೋಚನೆ ಬಂತು. ಅದು ಯಾವ ಪೇಪರಿನಲ್ಲೂ ಇರೋದಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು. 2018ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯವರು ಮಾಡಿದ್ದು. ಅವರು ಪಕ್ಕದ ಮನೆಗೆ ಹೋಗಲೇ ಇಲ್ಲ. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆಯೇ ರೋಗಿಯ ಮಲವನ್ನು ತೆಗೆದು, ಪರೀಕ್ಷೆ ಮಾಡಿ, ಫ್ರೀಜರಿನಲ್ಲಿ ಇಟ್ಟರು. ಸೆಲ್ ಹಿಡಿದ ಮೇಲೆ, ಕರುಳು ಬರಿದಾಗಿದ್ದವರಿಗೆ ಅವರದನ್ನೇ ಎನಿಮಾ ಮಾಡಿ ವಾಪಸ್ ಕೊಟ್ಟರು. ಒಟ್ಟು 25 ಜನ. 14 ಜನಕ್ಕೆ ಕೊಟ್ಟರು, 11 ಜನಕ್ಕೆ ಕೊಡಲಿಲ್ಲ. ಕೊಟ್ಟವರ ಕರುಳು ಹೆಚ್ಚುಕಮ್ಮಿ ಮೊದಲಿನ ಹಾಗೆ ಆಯಿತು. ಕೊಡದವರದ್ದು ಬರಿದಾಗೇ ಇತ್ತು. ತಮ್ಮದೇ ಹೆಪ್ಪು. ಹಾಲು ಕೆಡುವ ಮುಂಚೆ ಒಂದು ಲೋಟ ಎತ್ತಿಟ್ಟ ಹಾಗೆ.

ಫೆಬ್ರವರಿಯಲ್ಲಿ ತಮ್ಮ ನಮ್ಮ ಲ್ಯಾಬಿಗೇ ಬಂದಿದ್ದ. ಹದಿನೈದು ದಿನದಿಂದ ಸಣ್ಣ ಜ್ವರ, ಸುಸ್ತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ಬಗ್ಗಿ ಕೂತು ಸುಸ್ತಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಊರ ಡಾಕ್ಟರು ರಕ್ತ, ಮೂತ್ರ, ಮಲ ಮೂರಕ್ಕೂ ಬರೆದಿದ್ದರು. ಬಿಳಿ ಮುಚ್ಚಳದ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ನಾಚಿಕೆಯಿಂದ ಮುಖ ಆಚೆ ತಿರುಗಿಸಿ ಕೊಟ್ಟ. ಸ್ಲೈಡ್ ಮಾಡಿ ನಾನೇ ನೋಡಿದೆ. ಹುಳುವಿನ ಮೊಟ್ಟೆ ಇಲ್ಲ, ಅಮೀಬಾದ ಸಿಸ್ಟ್ ಇಲ್ಲ. ನಾರ್ಮಲ್ ಅಂತ ಬರೆದು ಡಬ್ಬಿಯನ್ನು ಲ್ಯಾಬಿನ ಕಸದ ಹಳದಿ ಚೀಲಕ್ಕೆ ಹಾಕಿದೆ. ಅದೇ ಸಂಜೆ ರಕ್ತದ ಸ್ಮಿಯರ್ ನೋಡಿದ ನಮ್ಮ ಪ್ಯಾಥಾಲಜಿಸ್ಟ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಎಎಂಎಲ್. ರಕ್ತದ ಕ್ಯಾನ್ಸರ್. ಆಮೇಲೆ ಮೂರು ಸುತ್ತು ಕೀಮೊ, ಸುತ್ತಿಗೊಂದು ಜ್ವರ, ಜ್ವರಕ್ಕೊಂದು ಆ್ಯಂಟಿಬಯಾಟಿಕ್.

ಅಂದರೆ ಔಷಧಿ ಯಾವುದೂ ಸೋಕದ ಅವನ ಹೆಪ್ಪು ಕೊನೇ ಸಲ ಇದ್ದದ್ದು ನನ್ನ ಕೈಯಲ್ಲಿ. ಅದನ್ನು ಎತ್ತಿಡಬೇಕು ಅಂತ ಯಾರಿಗೆ ಗೊತ್ತಿರುತ್ತೆ, ಇಟ್ಟಿದ್ದರೂ ಇಲ್ಲಿ ಯಾರು ಬಳಸುತ್ತಿದ್ದರು ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೆ ಆಯಿತಾ? ಆ ಮುಚ್ಚಳ ತಿರುಗಿಸಿದ ಸದ್ದು ಇನ್ನೂ ಕಿವಿಯಲ್ಲಿದೆ.

ಮಂಗಳವಾರ ಓಪಿಡಿಯಲ್ಲಿ ಧೈರ್ಯ ಮಾಡಿ ಕೇಳಿದೆ. ಅವನದಂತೂ ಹೋಯಿತು, ನನ್ನದು ಆಗುತ್ತಾ ಅಂತ. ಎಚ್‌ಎಲ್‌ಎ (ಕಸಿಗೆ ಹೊಂದಾಣಿಕೆ ನೋಡುವ ಗುರುತು) 10ಕ್ಕೆ 10 ಹೊಂದಿದೆ, ರಕ್ತವೇ ಕೊಟ್ಟಾಗಿದೆ, ಇದೊಂದು ಯಾಕೆ ಉಳಿಸಿಕೊಳ್ಳಲಿ? ಡಾಕ್ಟರು ನಗಲಿಲ್ಲ. "ಸ್ಟಿರಾಯ್ಡಿಗೆ ಬಗ್ಗುತ್ತಿದೆ ಅಲ್ವಾ ಮೇಡಂ, ಸದ್ಯಕ್ಕೆ ಅದು ಸಾಕು. ಎಫ್‌ಎಂಟಿ ಇನ್ನೂ ಟ್ರಯಲ್ ಮಟ್ಟದಲ್ಲಿದೆ" ಅಂದರು. ಆಮೇಲೆ ಫೈಲ್ ಮುಚ್ಚುತ್ತಾ, "ನೀವು ಲ್ಯಾಬಿನವರು. ನಮ್ಮ ಜನರ ಹೊಟ್ಟೆಯಲ್ಲಿ ಏನೇನಿರುತ್ತೆ ನಿಮಗೇ ಚೆನ್ನಾಗಿ ಗೊತ್ತು" ಅಂದರು.

ಆ ಕೊನೇ ಮಾತು ಚುಚ್ಚಿತು. ಅವರು ಹೇಳಿದ್ದು 2019ರ ಕಥೆ ಇಟ್ಟುಕೊಂಡು ಅಂತ ಆಮೇಲೆ ಹೊಳೆಯಿತು. ಆ ವರ್ಷ ಜೂನ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಒಬ್ಬನೇ ದಾನಿಯ ಮಲದ ಕ್ಯಾಪ್ಸೂಲ್ ನುಂಗಿದ್ದ ಇಬ್ಬರಿಗೆ, ಬೋಸ್ಟನ್‌ನಲ್ಲಿ, ರಕ್ತಕ್ಕೆ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಸೋಂಕು. ಮಾಮೂಲು ಇ. ಕೋಲೈ ಅಲ್ಲ, ಇಎಸ್‌ಬಿಎಲ್ ಅನ್ನೋ ಕಿಣ್ವದಿಂದ ಔಷಧಿಯನ್ನೇ ಒಡೆದುಹಾಕುವಂಥದ್ದು. ಸೆಫ್ ಅಂತ ಶುರುವಾಗುವ ಬಹುತೇಕ ಆ್ಯಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಇಬ್ಬರಲ್ಲಿ ಒಬ್ಬರು ತೀರಿಕೊಂಡರು. ತೀರಿಕೊಂಡವರು ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ರೋಗಿ. ದಾನಿ ಗಟ್ಟಿಮುಟ್ಟಾಗಿದ್ದ. ಇಎಸ್‌ಬಿಎಲ್ ಹುಡುಕುವ ನಿಯಮ ಬರುವ ಮುಂಚೆ ಮಾಡಿಟ್ಟಿದ್ದ ಕ್ಯಾಪ್ಸೂಲ್ ಅವು. ನಿಯಮ ಬಂದ ಮೇಲೂ ಫ್ರೀಜರಿನಲ್ಲಿದ್ದ ಹಳೇ ಸ್ಟಾಕನ್ನು ಯಾರೂ ಮತ್ತೆ ಪರೀಕ್ಷೆ ಮಾಡಿರಲಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಈ ಸಾಲು ಓದಿದರೆ ಹೊಟ್ಟೆ ತೊಳಸುತ್ತದೆ. ಇಂಥ ಎಡವಟ್ಟು ಹೇಗಾಗುತ್ತದೆ ಅಂತ ನಮಗೆ ಗೊತ್ತು.

ಸರಿ, ನೋಡೇಬಿಡೋಣ ಅನ್ನಿಸಿತು. ನಮ್ಮ ಮೈಕ್ರೋಬಯಾಲಜಿ ಸರ್ ಹತ್ತಿರ ಕೇಳಿಕೊಂಡೆ. ಗುರುವಾರ ನನ್ನದೇ ಸ್ಯಾಂಪಲ್ಲನ್ನು ಮ್ಯಾಕ್‌ಕಾಂಕಿ ಅನ್ನೋ ಕ್ರಿಮಿ ಬೆಳೆಸುವ ಪ್ಲೇಟಿಗೆ ಗೀರಿ, ಮಧ್ಯೆ ಸೆಫೊಟಾಕ್ಸಿಮ್ ಅನ್ನೋ ಆ್ಯಂಟಿಬಯಾಟಿಕ್ ಇರುವ ಒಂದು ಡಿಸ್ಕ್ ಇಟ್ಟೆ. ಲೇಬಲ್ಲಿನಲ್ಲಿ ಹೆಸರು ಬರೆಯಲು ಮೊದಲ ಸಲ ನಾಚಿಕೆಯಾಯಿತು. ಪೇಪರಿನಲ್ಲಿ ಸುತ್ತಿ ಕೊಟ್ಟವನ ಕಷ್ಟ ಅರ್ಥವಾಯಿತು. ಶುಕ್ರವಾರ ಬೆಳಗ್ಗೆ ಇನ್‌ಕ್ಯುಬೇಟರ್ ತೆಗೆದರೆ ಪ್ಲೇಟಿನ ತುಂಬ ಗುಲಾಬಿ ಕಾಲೊನಿ. ಡಿಸ್ಕಿನ ಸುತ್ತ ಖಾಲಿಯಿರಬೇಕಾದ ಜಾಗದಲ್ಲೂ ಏಳೆಂಟು ಚುಕ್ಕಿ, ಕುಂಕುಮದ ಬೊಟ್ಟಿನ ಹಾಗೆ. ಅದರಲ್ಲೊಂದನ್ನು ಎತ್ತಿ ಮತ್ತೆ ಹಾಕಿದೆ. ನಿನ್ನೆ ಸ್ಕೇಲ್ ಹಿಡಿದೆ. ಸೆಫ್ಟಾಝಿಡಿಮ್ ಡಿಸ್ಕಿನ ಸುತ್ತ ಕ್ರಿಮಿ ಬೆಳೆಯದ ವೃತ್ತ 14 ಮಿ.ಮೀ. ಆ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಿದ್ದು 23. ವ್ಯತ್ಯಾಸ 5 ಇದ್ದರೆ ಸಾಕು ಇಎಸ್‌ಬಿಎಲ್ ಅನ್ನೋದಕ್ಕೆ. ನನ್ನದು 9. ಮೆರೋಪೆನೆಮ್ ಸುತ್ತ ಮಾತ್ರ ಅಗಲವಾಗಿ, ಸ್ವಚ್ಛವಾಗಿತ್ತು. ಅಷ್ಟರ ಮಟ್ಟಿಗೆ ಪುಣ್ಯ.

ಸರ್ ನೋಡಿ ಭುಜ ತಟ್ಟಿದರು. "ಇದರಲ್ಲೇನಮ್ಮ ವಿಶೇಷ, ನಂದು ಹಾಕಿದ್ರೂ ಇದೇ ಬರುತ್ತೇನೋ." ನಿಜವೇ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಸಿಗುವ ದೇಶದಲ್ಲಿ ಗುಂಡುಕಲ್ಲಿನ ಹಾಗಿರುವವರ ಹೊಟ್ಟೆಯಲ್ಲೂ ಇದು ಸಾಮಾನ್ಯ. ನನಗೇನೂ ಮಾಡುವುದಿಲ್ಲ. ಸುಮ್ನೆ ಇರುತ್ತದೆ. ನ್ಯೂಟ್ರೋಫಿಲ್ ಇಲ್ಲದವನ ಕರುಳಿನಿಂದ ರಕ್ತಕ್ಕೆ ಇಳಿದರೆ ಮಾತ್ರ ಸುಮ್ಮನಿರುವುದಿಲ್ಲ.

ಹೊರದೇಶದಲ್ಲಿ ಕೆಲಸ ನಿಂತಿಲ್ಲ. ಆಮ್‌ಸ್ಟರ್‌ಡ್ಯಾಮ್‌ನವರು 2020ರಲ್ಲಿ, ಸ್ಟಿರಾಯ್ಡಿಗೆ ಬಗ್ಗದ ಅಥವಾ ಸ್ಟಿರಾಯ್ಡ್ ಬಿಡಲಾಗದ ಕರುಳಿನ ಜಿವಿಎಚ್‌ಡಿ ಇದ್ದ 15 ಜನಕ್ಕೆ ಕೊಟ್ಟು, 10 ಜನಕ್ಕೆ ಪೂರ್ತಿ ವಾಸಿಯಾಯಿತು ಅಂತ ಬರೆದರು. ಖುಷಿಯಾಗುತ್ತದೆ. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. 2023ರಲ್ಲಿ ಮಿನೆಸೋಟಾದವರು ಯಾರಿಗೆ ನಿಜವಾದ ಕ್ಯಾಪ್ಸೂಲ್, ಯಾರಿಗೆ ಸುಳ್ಳಿನದು ಅಂತ ಯಾರಿಗೂ ಗೊತ್ತಾಗದ ಹಾಗೆ ಕೊಟ್ಟು ನೋಡಿದರು. ಕರುಳಿನ ಕ್ರಿಮಿಗಳ ಸ್ಥಿತಿ ಸುಧಾರಿಸಿತು, ಸೋಂಕು ಮಾತ್ರ ಅಂಥಾ ಕಮ್ಮಿಯಾಗಲಿಲ್ಲ. ಕಾಡು ಬೆಳೆಯಿತು, ಮಳೆ ಬರಲಿಲ್ಲ. ಈ ಎರಡನ್ನೂ ಒಟ್ಟಿಗೆ ಓದಬೇಕು. ವಾಟ್ಸಾಪ್‌ನಲ್ಲಿ ನನಗೆ ಬಂದದ್ದು ಮೊದಲನೆಯದು ಮಾತ್ರ.

ಸಂಜೆ ತಮ್ಮನಿಗೆ ಪ್ಲೇಟಿನ ಫೋಟೊ ತೋರಿಸಿದೆ. ಮಾಸ್ಕ್ ಮೇಲಿಂದ ಕಣ್ಣು ದೊಡ್ಡದು ಮಾಡಿ ಜೂಮ್ ಮಾಡಿ ನೋಡಿದ.

"ಇದು ನಿಂದಾ?"

"ಹ್ಞೂಂ."

"ಚಿಕ್ಕವರಿದ್ದಾಗಿಂದ ನನ್ನ ತಟ್ಟೆಯಿಂದ ಎತ್ತಿ ಎತ್ತಿ ತಿಂದಿದ್ದೀಯಲ್ಲ ಅಕ್ಕ. ಹಾಗಿದ್ರೆ ನಂದ್ರಲ್ಲೂ ಇದೇ ಇರುತ್ತೆ ತಗೋ."

ತಮಾಷೆಗೆ ಅಂದದ್ದು. ಅವನು ಮಲಗಿದ ಮೇಲೆ ಫೈಲ್ ತೆಗೆದೆ. ಸೆಪ್ಟೆಂಬರ್‌ನಲ್ಲಿ ಅಡ್ಮಿಟ್ ಆದ ದಿನ ತೆಗೆದ ರೆಕ್ಟಲ್ ಸ್ವಾಬ್ (ಗುದದ್ವಾರದ ಹತ್ತಿಕಡ್ಡಿ ಪರೀಕ್ಷೆ) ರಿಪೋರ್ಟ್, ಸ್ಕ್ಯಾನ್‌ಗಳ ಮಧ್ಯೆ ಇತ್ತು. ಆಗ ಎಷ್ಟು ಕಾಗದ ಬರುತ್ತಿದ್ದವು ಅಂದರೆ ನಾನು ಇದನ್ನು ಓದೇ ಇರಲಿಲ್ಲ. ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್.

ಇದು ಆಸ್ಪತ್ರೆ, ಕೀಮೊ ಮಧ್ಯೆ ಬಂದದ್ದಾ, ಮೊದಲಿನಿಂದಲೇ ಇದ್ದದ್ದಾ? ಫೆಬ್ರವರಿಯ ಡಬ್ಬಿಯಲ್ಲಿ ಉತ್ತರ ಇತ್ತು. ಅದನ್ನು ನಾನು ಕಲ್ಚರ್‌ಗೆ ಹಾಕಿರಲಿಲ್ಲ. ಡಾಕ್ಟರು ಬರೆದುಕೊಟ್ಟಿರಲಿಲ್ಲವಲ್ಲ.

ಅಡುಗೆಮನೆಯಲ್ಲಿ ಅಮ್ಮ ನಾಳೆಗೆ ನೀರು ಕುದಿಸುತ್ತಿದ್ದಾಳೆ. ಹತ್ತು ಗಂಟೆಯಾಯಿತು. ಅವನನ್ನು ಎಬ್ಬಿಸಿ, ನನ್ನ ಸೆಲ್‌ಗಳ ಜಗಳ ತಗ್ಗಿಸುವ ಟ್ಯಾಕ್ರೋಲಿಮಸ್ ಕೊಡಬೇಕು.